ತೊಳೆದ ಮೇಲೂ ಮೈಗಾಗುವ ಬಟ್ಟೆ ಎಲ್ಲಿ ಸಿಗುತ್ತೆ? ಕೈಯಲ್ಲಿರೋದು 6000

ತುಮಕೂರು_ಟೀಚರ್

ಎಲ್ಲರಿಗೂ ನಮಸ್ಕಾರ. ಈ ಜೂನ್‌ನಿಂದ ಇಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮೊದಲ ಕೆಲಸ. ವಾರಕ್ಕೆ ಮೂರು ದಿನ ಸೀರೆ ಕಡ್ಡಾಯ, ಉಳಿದ ದಿನ ಕುರ್ತಾ ನಡೆಯುತ್ತದೆ. ಕಾಲೇಜಿಗೆ ಹಾಕುತ್ತಿದ್ದ ಜೀನ್ಸು, ಟಾಪು ಎಲ್ಲ ಬೀರುವಿನಲ್ಲಿ ಮಲಗಿವೆ.

ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಮೂರು ಕುರ್ತಾ ತರಿಸಿದೆ. ಮೂರೂ ಸೇರಿ 1100. ಹೆಸರಿನಲ್ಲೇ 'ಪ್ಯೂರ್ ಕಾಟನ್' ಅಂತ ಇತ್ತು. ಮುಟ್ಟಿದರೆ ಮೆತ್ತಗೆ, ಜೋತು ಬೀಳುವ ಬಟ್ಟೆ. ಎರಡು ಸಲ ತೊಳೆದೆ ಅಷ್ಟೇ. ಮೊಣಕಾಲು ದಾಟುತ್ತಿದ್ದದ್ದು ನಾಲ್ಕು ಬೆರಳು ಮೇಲೆ ಬಂದು ಕೂತಿದೆ. ನೀಲಿ ಕುರ್ತಾ ಅಂತೂ ಬಕೆಟ್ಟಿನಲ್ಲಿದ್ದ ಅಪ್ಪನ ಬಿಳಿ ಪಂಚೆಗೂ ಬಣ್ಣ ಹಚ್ಚಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಅದನ್ನೇ ಉಟ್ಟುಕೊಂಡು ಪೇಪರ್ ಓದುತ್ತಾ ಕೂತರು. ಬೈದಿದ್ದರೇ ವಾಸಿ ಇತ್ತು.

ಮೊದಲ ಸಂಬಳದಲ್ಲಿ 6000 ಎತ್ತಿಟ್ಟಿದ್ದೇನೆ. ನೀವೆಲ್ಲ ದಿನಬಳಕೆಯ ಬಟ್ಟೆ ಎಲ್ಲಿ ತಗೊಳ್ತೀರಿ? ಮದುವೆ ಸೀರೆ ಬೇಡ. ನಿಂತು ಪಾಠ ಮಾಡೋಕೆ, ಸೀಮೆಸುಣ್ಣದ ಪುಡಿ ಬಿದ್ದರೆ ಕೊಡವೋಕೆ ಆಗುವಂಥದ್ದು ಬೇಕು.

ಕೆಂಗೇರಿ_ಬಸ್‌_ಪಾಸ್

ಝುಡಿಯೊ. ಹೆಚ್ಚಿನದೆಲ್ಲ ಸಾವಿರದ ಒಳಗೇ. ಮಾತು ಮುಗೀತು.

ಎಕ್ಸ್‌ಎಲ್_ಅಲ್ಲ_ತ್ರಿಬಲ್_ಎಕ್ಸ್‌ಎಲ್

ಎಲ್ಲಿ ಮುಗೀತು ಮಾರಾಯ್ತಿ? ಅಲ್ಲಿ ನನ್ನ ಅಳತೆಯದು ಹ್ಯಾಂಗರಿಗೆ ಬರೋ ಹೊತ್ತಿಗೆ ಖಾಲಿ. ಟೀಚರ್ ಸೀರೆ ಕೇಳಿದ್ದಾರೆ, ಅಲ್ಲಿ ಸೀರೆ ಎಲ್ಲಿದೆ? ಕಾಲೇಜಿಗೆ ಹೋಗೋ ನನ್ನ ತಂಗಿ ಅಲ್ಲೇ ತಗೊಳ್ತಾಳೆ, ಅವಳಿಗೆ ಸರಿ ಹೋಗುತ್ತೆ. ಬಟ್ಟೆ ಮುಟ್ಟಿ ನೋಡಿ ತರಬಹುದು ಅನ್ನೋದೊಂದು ಒಳ್ಳೆಯದು.

ಚಿಕ್ಕಪೇಟೆ_ಸೊಸೆ

ತುಮಕೂರಿನಿಂದ ಬೆಂಗಳೂರು ಎಷ್ಟು ದೂರ? ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗಬಹುದು. ಸಾಮಾನ್ಯ ಸಾರಿಗೆ ಬಸ್ಸು ಹತ್ತಿ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ನಮಗೆ ಅದರಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ಮರೀಬೇಡಿ. ಮೆಜೆಸ್ಟಿಕ್‌ವರೆಗೂ ಟ್ರಾಫಿಕ್‌ನಲ್ಲಿ ಕೂರುವ ಬದಲು ಮಾದಾವರದ ಹತ್ತಿರ ಇಳಿದು ಹಸಿರು ಲೈನ್ ಮೆಟ್ರೋ ಹತ್ತಿದರೆ ನೇರ ಚಿಕ್ಕಪೇಟೆ. ಮೆಟ್ರೋಗೆ ದುಡ್ಡು ಕೊಡಬೇಕು, ಅದು ಬೇರೆ.

ನಾನು ಮದುವೆಯಾಗಿ ಬಂದ ಮನೆಯವರದು ಅಲ್ಲೇ ಸಣ್ಣ ಅಂಗಡಿ ಇತ್ತು, ಈಗಿಲ್ಲ. ಹಾಗಾಗಿ ಒಳಗಿನ ಮಾತು ಹೇಳ್ತೀನಿ.

ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ತಕ್ಷಣ ಯಾರೋ ಬಂದು "ಬನ್ನಿ ಅಕ್ಕಾ, ಸೀರೆ ತೋರಿಸ್ತೀನಿ, ಫ್ಯಾಕ್ಟರಿ ರೇಟು" ಅಂತಾರೆ. ಅವರ ಹಿಂದೆ ಹೋಗಬೇಡಿ. ಅವರ ಕಮಿಷನ್ನು ನಿಮ್ಮ ಸೀರೆಯ ಮೇಲೇ ಬೀಳುತ್ತದೆ. ರಸ್ತೆಗೆ ಮುಖ ಮಾಡಿದ, ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು ಮದುವೆ ಜವಳಿಗೆ ಸರಿ. ದಿನಬಳಕೆಯದು ಬೇಕಾದರೆ ಒಳಗಿನ ಸಂದಿಗಳಿಗೆ ಹೋಗಬೇಕು, ಇಕ್ಕಟ್ಟು ಮೆಟ್ಟಿಲು ಹತ್ತಿ ಮಹಡಿ ಅಂಗಡಿ ನೋಡಬೇಕು. ಬಿಳಿ ಹಾಸಿನ ಮೇಲೆ ಕೂರಿಸುತ್ತಾರೆ, ಒಂದಾದ ಮೇಲೊಂದು ಬಿಚ್ಚಿ ಎಸೆಯುತ್ತಾರೆ. ಬಿಚ್ಚಿಸಿದೆವಲ್ಲ, ಇನ್ನು ತಗೊಳ್ಳಲೇಬೇಕು ಅನ್ನೋ ಸಂಕೋಚ ಬೇಡ. ಬಿಚ್ಚೋದು, ಮಡಿಸೋದು ಅವರ ದಿನದ ಕೆಲಸ.

ಕೆಲವು ಕಡೆ "ಸೆಟ್ ಮಾತ್ರ" ಅಂತಾರೆ. ಒಂದೇ ಡಿಸೈನು, ಆರೋ ಎಂಟೋ ಬಣ್ಣ, ಒಟ್ಟಿಗೇ ತಗೋಬೇಕು. ಆಗ ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯವರನ್ನು ಸೇರಿಸಿಕೊಂಡು ಹೋದರೆ ಲಾಭ. ಭಾನುವಾರ ಹೋಲ್‌ಸೇಲ್ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಹೋದರೆ ಸೀರೆ ಇರಲಿ, ಉಸಿರಾಡಲೂ ಜಾಗ ಸಿಗಲ್ಲ. ಆಷಾಢದಲ್ಲಿ ಹೋಗಿ. ಮದುವೆ ಮುಹೂರ್ತ ಇಲ್ಲ, ಅಂಗಡಿಯವರು ನೊಣ ಹೊಡೆಯುತ್ತಾ ಕೂತಿರುತ್ತಾರೆ, ಹೇಳಿದ ರೇಟಿಗೆ ಬರುತ್ತಾರೆ.

ಆದರೆ ಒಂದು. ಅಲ್ಲಿ ನೋಡುವ ಅಗ್ಗದ ಸೀರೆಗಳಲ್ಲಿ ಬಹಳಷ್ಟು ಸೂರತ್ತಿನಿಂದ ಬಂದ ಸಿಂಥೆಟಿಕ್. ಅದೇ ಮಾಲು ನಿಮ್ಮ ತುಮಕೂರಿಗೂ ಬರುತ್ತೆ. ಅದಕ್ಕೋಸ್ಕರ ಬೆಂಗಳೂರಿಗೆ ಬರಬೇಕಿಲ್ಲ.

ಒಬ್ಬ_ಗಂಡ

ಆ ಬಿಳಿ ಹಾಸಿನ ಮೇಲೆ ಗಂಡಸರಿಗೂ ಒಂದು ದಿಂಬು ಇಡಿ ಅಂತ ಅಂಗಡಿಯವರಿಗೆ ಯಾರಾದರೂ ಹೇಳಿ. ಹೋದ ವರ್ಷ ಮೂರು ಗಂಟೆ ಗೋಡೆಗೆ ಒರಗಿ ಕೂತಿದ್ದೆ. ಕೊಂಡದ್ದು ಒಂದು ಪೆಟಿಕೋಟ್.

ಪೀಣ್ಯ_ಲೈನ್_7

ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಹನ್ನೊಂದು ವರ್ಷ ಆಯಿತು. ಮೊದಲು ಮಷೀನಿನಲ್ಲಿದ್ದೆ, ಕಾಲರ್ ಕೂರಿಸುತ್ತಿದ್ದೆ. ಈಗ ಚೆಕ್ಕಿಂಗ್‌ನಲ್ಲಿದ್ದೀನಿ. ಟೀಚರಮ್ಮ, ಅಂಗಡಿ ಯಾವುದು ಅಂತ ಆಮೇಲೆ ನೋಡಿ. ಮೊದಲು ಬಟ್ಟೆನ ಒಳಗಿಂದ ಹೊರಕ್ಕೆ ತಿರುಗಿಸಿ. ನಾವು ದಿನಾ ಮಾಡೋದು ಅದೇ.

ಪಕ್ಕದ ಹೊಲಿಗೆ ನೋಡಿ. ಒಳಗೆ ಅರ್ಧ ಇಂಚಾದರೂ ಬಟ್ಟೆ ಬಿಟ್ಟಿರಬೇಕು. ಬಿಡದಿದ್ದರೆ ಮುಂದೆ ದಪ್ಪ ಆದಾಗ ಬಿಚ್ಚಿ ದೊಡ್ಡದು ಮಾಡೋಕೂ ಆಗಲ್ಲ, ತೋಳೆತ್ತಿದರೆ ಪರ್ ಅಂತ ಹರಿಯುತ್ತೆ. ಹೊಲಿಗೆಯ ಎರಡೂ ಕಡೆ ಬೆರಳಿಟ್ಟು ಜಗ್ಗಿ. ನಡುವೆ ಬೆಳಕು ಕಂಡರೆ ದಾರ ಸಡಿಲ ಇದೆ ಅಂತ, ಕೆಳಗಿಡಿ. ಗೆರೆ, ಚೌಕುಳಿ ಬಟ್ಟೆಯಾದರೆ ಪಕ್ಕದಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡಿ. ಕೂಡಿಸಬೇಕಾದರೆ ಬಟ್ಟೆ ಜಾಸ್ತಿ ಬೇಕು, ಟೈಮೂ ಬೇಕು. ಅಲ್ಲಿ ದುಡ್ಡು ಉಳಿಸಿದವರು ಬೇರೆ ಕಡೆಯೂ ಉಳಿಸಿರ್ತಾರೆ. ಕಂಕುಳ ಹತ್ತಿರ ನಾಲ್ಕು ಹೊಲಿಗೆ ಸೇರೋ ಜಾಗ ಇರುತ್ತಲ್ಲ, ಅದನ್ನು ಬೆರಳಲ್ಲಿ ಮುಟ್ಟಿ ನೋಡಿ. ಗಂಟು ಕಟ್ಟಿದ ಹಾಗಿದ್ದರೆ ದಿನವಿಡೀ ಚುಚ್ಚುತ್ತೆ. ಬೋರ್ಡಿನ ಮೇಲೆ ಬರೆಯೋರಿಗೆ ಅದು ಮುಖ್ಯ.

'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಅಂತ ಮಾರ್ತಾರಲ್ಲ, ನಿಜವಾದದ್ದೂ ಇದೆ. ಆರ್ಡರ್‌ಗಿಂತ ಸ್ವಲ್ಪ ಜಾಸ್ತಿ ಹೊಲಿದಿರ್ತೀವಿ, ಉಳಿಯುತ್ತೆ. ಎಣ್ಣೆ ಕಲೆ ಆಗಿದ್ದು, ಬಣ್ಣ ಒಂದು ಚೂರು ಬೇರೆ ಬಂದಿದ್ದು ಸೆಕೆಂಡ್ಸ್‌ಗೆ ಹೋಗುತ್ತೆ. ಅಂಥದ್ದರಲ್ಲಿ ಸಾಮಾನ್ಯವಾಗಿ ಲೇಬಲ್ ಕತ್ತರಿಸಿರ್ತಾರೆ ಇಲ್ಲ ಗೀಚಿರ್ತಾರೆ. ದೊಡ್ಡ ಹೆಸರಿನ ಲೇಬಲ್ ಹೊಳೀತಾ ಇದ್ದು ರೇಟು 200 ಅಂದರೆ ಅನುಮಾನ ಪಡಿ. ಕಮರ್ಷಿಯಲ್ ಸ್ಟ್ರೀಟ್ ಅಕ್ಕಪಕ್ಕ ಎರಡೂ ಥರದ್ದು ಸಿಗುತ್ತೆ.

ಕರಾವಳಿ_ಕಾಟನ್

ಲೈನ್_7 ಅಕ್ಕ, ಇದನ್ನು ಪ್ರಿಂಟ್ ತೆಗೆದು ಪರ್ಸಿನಲ್ಲಿ ಇಟ್ಟುಕೊಳ್ತೇನೆ. ಒಂದು ಕೇಳಲಾ? ನೀವು ನಿಮಗೆ ಎಲ್ಲಿ ತಗೊಳ್ತೀರಿ?

ಪೀಣ್ಯ_ಲೈನ್_7

ಸಂಬಳದ ದಿನ ಗೇಟಿನ ಹೊರಗೆ ಗಾಡಿಗಳು ನಿಲ್ಲುತ್ತವೆ. ನೈಟಿ, ಲೆಗ್ಗಿಂಗ್ಸ್, ಮಕ್ಕಳ ಬಟ್ಟೆ. ಶಿಫ್ಟ್ ಬಿಟ್ಟ ಮೇಲೆ ಹತ್ತು ನಿಮಿಷದಲ್ಲಿ ಆರಿಸಿ ಬಸ್ಸು ಹಿಡೀಬೇಕು. ಅಲ್ಲೂ ತಿರುಗಿಸಿ ನೋಡ್ತೀನಿ, ಗಾಡಿಯವನು ನಗ್ತಾನೆ. ಹಬ್ಬದ ಸೀರೆ ನಮ್ಮ ಬೀದಿಯ ಒಬ್ಬರು ಅಕ್ಕನ ಹತ್ತಿರ ಸೀರೆ ಚೀಟಿ ಹಾಕಿ. ತಿಂಗಳಿಗೆ 300. ನಾವು ಹೊಲಿಯೋದು ನಮಗಲ್ಲ ಬಿಡಿ. ಅದರ ಮೇಲಿನ ರೇಟು ರೂಪಾಯಿಯಲ್ಲೇ ಇರಲ್ಲ.

ಹುಬ್ಬಳ್ಳಿ_ಅಕ್ಕ

ಎಲ್ಲಾರೂ ಬೆಂಗಳೂರು ಬೆಂಗಳೂರು ಅನ್ನಬ್ಯಾಡ್ರಿ. ತಂಗಿ, ಸೀರೆ ಬೇಕಂದರೆ ಇಳಕಲ್ ಉಡು. ನಮ್ಮವ್ವ ಅದನ್ನೇ ಉಟ್ಟು ಹೊಲಕ್ಕೆ ಹೋಗಿದ್ದಾಳೆ, ನಾನು ಅದನ್ನೇ ಉಟ್ಟು ಬ್ಯಾಂಕಿಗೆ ಹೋಗುತ್ತೇನೆ. ಒಡಲು ಹತ್ತಿ, ಸೆರಗು ರೇಷ್ಮೆ, ಇಲ್ಲವೇ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಕೆಂಪು ಸೆರಗಿನ ಮೇಲೆ ತೋಪು ತೆನಿ ಅನ್ನುವ ಬಿಳಿ ವಿನ್ಯಾಸ. ದುರ್ಗದಬೈಲಿನ ಸುತ್ತಮುತ್ತ, ಜವಳಿ ಸಾಲಿನಲ್ಲಿ ಬೇಕಾದಷ್ಟು ಅಂಗಡಿ.

ಇಳಕಲ್ ಎಂದು ಏನೇನೋ ಮಾರುತ್ತಾರೆ, ಗುರುತು ಹೇಳ್ತೇನೆ ಕೇಳು. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಸೀರೆ ತಿರುವಿ ನೋಡು. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿರುತ್ತಾರೆ. ಒಂದೊಂದು ಎಳೆಗೂ ಒಂದೊಂದು ಕೊಂಡಿ. ಬೆರಳಾಡಿಸಿದರೆ ಸಣ್ಣ ಏಣು ತಗಲುತ್ತದೆ. ಬರೀ ಬಣ್ಣ ಬದಲಾಗಿ, ಏಣು ಇಲ್ಲದೆ ನುಣ್ಣಗೆ ಇದ್ದರೆ ಅದು ಪವರ್‌ಲೂಮಿನ ನಕಲು. ನಕಲೂ ಉಡಲು ಬರುತ್ತದೆ, ತಪ್ಪಲ್ಲ. ಆದರೆ ಕೈಮಗ್ಗದ ರೇಟು ಕೊಡಬೇಡ.

ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಸು. ಒಂದು ಖಣ ನಾಲ್ಕು ಸೀರೆಗೆ ಹೊಂದುತ್ತದೆ. ಟೀಚರಿಗೆ ಇದಕ್ಕಿಂತ ಉಳಿತಾಯ ಇನ್ನೇನು? ಈ ಕಡೆ ಬಂದರೆ ಬೆಂಗೇರಿಯ ಖಾದಿ ಕೇಂದ್ರವನ್ನೂ ನೋಡು, ರಾಷ್ಟ್ರಧ್ವಜ ತಯಾರಾಗುವ ಜಾಗ. ಗಾಂಧಿ ಜಯಂತಿ ಹೊತ್ತಿಗೆ ಖಾದಿ ಅಂಗಡಿಗಳಲ್ಲಿ ರಿಯಾಯಿತಿ ಇರುತ್ತದೆ, ಅಲ್ಲೀವರೆಗೆ ತಡೆದುಕೊಂಡರೆ ಒಳ್ಳೆಯದು.

ಕರಾವಳಿ_ಕಾಟನ್

ಅಕ್ಕ ಇಳಕಲ್ ಅಂದ ಮೇಲೆ ನಾನು ಉಡುಪಿ ಸೀರೆ ಅನ್ನದಿದ್ದರೆ ಹೇಗೆ? ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸೊಸೈಟಿ ಉಂಟು. ಅಪ್ಪಟ ಹತ್ತಿ, ಸಣ್ಣ ಚೌಕುಳಿ, ತೆಳ್ಳಗಿನ ಅಂಚು. ಸೀರೆಯ ಜೊತೆ ನೇದವರ ಹೆಸರಿನ ಚೀಟಿ ಬರುತ್ತದೆ. ನಾನು ತಗೊಂಡಾಗ ಒಂದೂವರೆ ಸಾವಿರದ ಆಸುಪಾಸು ಇತ್ತು. ಮೊದಲ ನಾಲ್ಕು ಸಲ ಗಂಜಿ ಹಾಕಿ ಉಟ್ಟೆ, ಆಮೇಲೆ ಅದೇ ಮೆತ್ತಗಾಯಿತು. ನಮ್ಮ ಸೆಕೆಗೆ ಬೇರೆ ಯಾವುದೂ ಆಗುವುದಿಲ್ಲ. ನೇಯುವವರು ಮಾತ್ರ ಈಗ ತುಂಬ ಕಡಿಮೆ. ಹೋದ ದಿನವೇ ಬೇಕಾದ ಬಣ್ಣ ಸಿಗುತ್ತದೆ ಎಂದು ಹೇಳಲಾರೆ.

ಲಿಂಗಸುಗೂರು_ಪಾರ್ಸೆಲ್

ಓದುತ್ತಾ ಬಂದೆ. ಎಲ್ಲರೂ ಆನ್‌ಲೈನ್ ಅಂದರೆ ಮೂಗು ಮುರಿಯುವ ಹಾಗಿದೆ. ನಮ್ಮೂರಿಂದ ಚಿಕ್ಕಪೇಟೆಗೆ ಒಂದು ರಾತ್ರಿ ಪ್ರಯಾಣ. ಇಲ್ಲಿನ ಅಂಗಡಿಯಲ್ಲಿ ಮೂರು ಡಿಸೈನು ಇರುತ್ತದೆ, ಮೂರನ್ನೂ ಊರವರೆಲ್ಲ ಉಟ್ಟಿರುತ್ತಾರೆ. ಮೀಶೋ, ಮಿಂತ್ರಾ ಬಂದ ಮೇಲೆ ನನಗೆ ಬೇಕಾದ ಬಣ್ಣ ಸಿಕ್ಕಿತು. ಅದೂ ಸುಳ್ಳಲ್ಲವಲ್ಲ?

ಮೋಸ ಹೋಗಿ ಹೋಗಿ ಕಲಿತದ್ದು ಇಷ್ಟು. ಹೆಸರಿನಲ್ಲಿ ಏನು ಬರೆದಿದ್ದಾರೆ ಬಿಡಿ, ಕೆಳಗೆ ವಿವರದಲ್ಲಿ ಫ್ಯಾಬ್ರಿಕ್ ಅಂತ ಇರುತ್ತದೆ, ಅದನ್ನು ಓದಿ. 'ಕಾಟನ್ ಬ್ಲೆಂಡ್', 'ವಿಸ್ಕೋಸ್ ರೇಯಾನ್' ಅಂತ ಅಲ್ಲಿ ಒಪ್ಪಿಕೊಂಡಿರುತ್ತಾರೆ. ಮಾಡೆಲ್ ಫೋಟೋ ನೋಡಲೇಬೇಡಿ, ಕೊಂಡವರು ಹಾಕಿದ ಫೋಟೋ ನೋಡಿ, ಅದರಲ್ಲೂ ಒಂದು ಸ್ಟಾರ್ ಕೊಟ್ಟವರದು ಮೊದಲು. ವಾಪಸಾತಿಯಲ್ಲೂ ಎರಡು ರೇಟು ಇರುತ್ತದೆ. ಕಡಿಮೆ ರೇಟಿನದು ಹರಿದಿದ್ದರೆ, ಬೇರೆ ಮಾಲು ಬಂದಿದ್ದರೆ ಮಾತ್ರ ವಾಪಸ್. ಇಷ್ಟವಾಗಲಿಲ್ಲ ಅಂದರೆ ಇಲ್ಲ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟು ಪೂರ್ತಿ ವಾಪಸಾತಿ ಇರುವುದನ್ನೇ ಒತ್ತಿ. ಸೈಜಿಗೆ ಎಂ, ಎಲ್ ನಂಬಬೇಡಿ. ಮೈಗೆ ಸರಿಯಾಗಿ ಕೂರುವ ಹಳೇ ಕುರ್ತಾ ಒಂದನ್ನು ಮಂಚದ ಮೇಲೆ ಹಾಸಿ ಕಂಕುಳಿಂದ ಕಂಕುಳಿಗೆ ಟೇಪು ಹಿಡಿಯಿರಿ. ಆ ಇಂಚನ್ನು ಅವರ ಪಟ್ಟಿಯ ಜೊತೆ ತಾಳೆ ನೋಡಿ. ಪಾರ್ಸೆಲ್ ಒಡೆಯುವಾಗ ವಿಡಿಯೋ ಮಾಡಿಸಿ. ನಮ್ಮನೆಯಲ್ಲಿ ಅದು ಮಗನ ಕೆಲಸ.

ಎಕ್ಸ್‌ಎಲ್_ಅಲ್ಲ_ತ್ರಿಬಲ್_ಎಕ್ಸ್‌ಎಲ್

ನನ್ನ ದಾರಿ ಬೇರೆ. ರೆಡಿಮೇಡ್ ಕುರ್ತಾ ಬಿಟ್ಟು ನಾಲ್ಕು ವರ್ಷ ಆಯಿತು. ಮೀಟರ್ ಲೆಕ್ಕದಲ್ಲಿ ಬಟ್ಟೆ ತಗೊಂಡು ಹೊಲಿಸುತ್ತೇನೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಅಂಗಡಿ ಹುಡುಕಿ. ಸರ್ಕಾರಿ ಶಾಲೆ ಮಕ್ಕಳ ವಿದ್ಯಾವಿಕಾಸ ಯೋಜನೆಗೆ ಸಮವಸ್ತ್ರದ ಬಟ್ಟೆ ಕೊಟ್ಟವರೂ ಇವರೇ. ಅಂಗಡಿ ನೋಡಿದರೆ ಸರ್ಕಾರಿ ಆಫೀಸಿನ ಹಾಗೆ, "ಬನ್ನಿ ಅಕ್ಕಾ" ಅನ್ನುವವರು ಯಾರೂ ಇಲ್ಲ. ಆದರೆ ಬಟ್ಟೆ ಗಟ್ಟಿ.

ಸಾಧಾರಣ ಮೈಯವರಿಗೆ ಕುರ್ತಾಗೆ ಎರಡೂವರೆ ಮೀಟರ್ ಸಾಕು, ನನಗೆ ಮೂರು. ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ಕೇಳಿ, ಚಿಕ್ಕ ಪನ್ನವಾದರೆ ಇನ್ನೂ ಕಾಲು ಮೀಟರ್ ಜಾಸ್ತಿ. ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಟೈಲರಿಗೆ ಕೊಡಿ. ಕುಗ್ಗೋದೆಲ್ಲ ಮೊದಲೇ ಕುಗ್ಗಲಿ. ಮತ್ತೆ ಮುಖ್ಯವಾದದ್ದು, ಜೇಬು! ಎರಡೂ ಕಡೆ ಜೇಬು ಇಡಿ ಅಂತ ಹೇಳಿ. ನಮ್ಮ ಟೈಲರ್ ಮೊದಮೊದಲು "ಹೆಂಗಸರ ಕುರ್ತಾಗೆ ಯಾಕಮ್ಮ ಜೇಬು?" ಅಂದರು. ಈಗ ಅವರ ಹೆಂಡತಿಯ ಕುರ್ತಾಗೂ ಇಟ್ಟಿದ್ದಾರೆ.

ಮಲೆನಾಡು_ಮಳೆ

ಸಾಗರದ ಹತ್ತಿರ ಹೆಗ್ಗೋಡಿನ ಚರಕ ಯಾರೂ ಹೇಳಲಿಲ್ಲವಲ್ಲ? ಹೆಂಗಸರೇ ನಡೆಸುವ ಸಹಕಾರ ಸಂಘ. ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿ ಉಳಿದ ರಸದ, ಬಣ್ಣದ ಕುರ್ತಾ ಅಲ್ಲಿಯದು. 'ದೇಸಿ' ಅನ್ನುವ ಹೆಸರಿನ ಅಂಗಡಿಗಳಲ್ಲಿ ಸಿಗುತ್ತದೆ. ನನ್ನ ಹತ್ತಿರ ಏಳು ವರ್ಷದ ಹಳೆಯದೊಂದಿದೆ. ಸೂರ್ಯ ಕಾಣದ ನಮ್ಮ ಮಳೆಗಾಲವನ್ನು ಏಳು ಸಲ ನೋಡಿದೆ, ಪಾಪ.

ಕೆಂಗೇರಿ_ಬಸ್‌_ಪಾಸ್

ಕೈಮಗ್ಗ ಚೆಂದವೇ. ಆದರೆ ಕೇಳಿದ ಪ್ರಶ್ನೆ 'ಕೈಗೆಟುಕುವ ಬಟ್ಟೆ' ಅಲ್ವಾ? ಒಂದೂವರೆ ಸಾವಿರ, ಎರಡು ಸಾವಿರದ ಸೀರೆ ಮೂರು ತಗೊಂಡರೆ ಟೀಚರ್ ಬಜೆಟ್ ಅಲ್ಲಿಗೇ ಖಲಾಸ್.

ಹುಬ್ಬಳ್ಳಿ_ಅಕ್ಕ

ಹತ್ತು ವರ್ಷ ಉಡ್ತಾಳಲ್ಲ, ಆ ಲೆಕ್ಕ ಹಾಕು. ನಿನ್ನ 500ರದ್ದು ಎಷ್ಟು ದಿನ ಬರುತ್ತದೆ?

ಪೀಣ್ಯ_ಲೈನ್_7

ಅಕ್ಕ, ಲೆಕ್ಕ ಸರಿ ಇದೆ. ಆದರೆ ಎರಡು ಸಾವಿರ ಒಟ್ಟಿಗೆ ಇದ್ದವರಿಗೆ ಮಾತ್ರ ಆ ಲೆಕ್ಕ. ನಮ್ಮ ಕೈಗೆ ಮುನ್ನೂರು ಮುನ್ನೂರಾಗಿ ಬರುತ್ತೆ. ಅದಕ್ಕೇ ಸೀರೆ ಚೀಟಿ ನಡೀತಿರೋದು.

ಹುಬ್ಬಳ್ಳಿ_ಅಕ್ಕ

ಖರೇ ಅದ ತಂಗಿ. ನಮ್ಮವ್ವನೂ ಇಳಕಲ್ ಸೀರೆಯನ್ನು ಕಂತಿನ ಮೇಲೇ ತಗೊಂಡಿದ್ದು. ಹೊತ್ತುಕೊಂಡು ಬರುವವರು ಸುಗ್ಗಿಯಲ್ಲಿ ಬಂದು ದುಡ್ಡು ಒಯ್ಯುತ್ತಿದ್ದರು. ಮರೆತಿದ್ದೆ.

ದಾದರ್_ಕನ್ನಡತಿ

ಮುಂಬೈಯಲ್ಲಿರುವ ನಮ್ಮವರು ಯಾರಾದರೂ ಓದುತ್ತಿದ್ದರೆ: ದಾದರಿನ ಹಿಂದ್‌ಮಾತಾ. ಡ್ರೆಸ್ ಮೆಟೀರಿಯಲ್ಲಿಗೂ ಸೀರೆಗೂ ನಾನು ಅಲ್ಲಿಗೇ. ಚೌಕಾಸಿ ಮಾಡುವಾಗ ಅಕ್ಕನ ಜೊತೆ ಕನ್ನಡದಲ್ಲಿ ಮಾತಾಡಿಕೊಂಡೆ, "ನಾನೂರಕ್ಕೆ ಕೊಟ್ಟರೆ ತಗೊಳ್ಳೋಣ" ಅಂತ. ಅಂಗಡಿಯಾತ "ನಾನೂರಕ್ಕೆ ಬರಲ್ಲ ಅಕ್ಕಾ, ನಾನೂರೈವತ್ತು" ಅಂದ. ಕಲಬುರಗಿಯವನಂತೆ.

ತುಮಕೂರು_ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ತಡವಾಯಿತು, ಆದರೆ ಪೂರ್ತಿ ವರದಿ ತಂದಿದ್ದೇನೆ.

ಮೊದಲು ಆ ನೀಲಿ ಕುರ್ತಾದ ಕಥೆ. ವಿಜ್ಞಾನದ ಮೇಷ್ಟ್ರು ಅಂದ ಮೇಲೆ ಪರೀಕ್ಷೆ ಮಾಡದೆ ಇರೋಕಾಗುತ್ತಾ? ಒಳಗಿನ ಅಂಚಿನಿಂದ ಒಂದು ಎಳೆ ಕಿತ್ತು ದೇವರ ದೀಪಕ್ಕೆ ಹಿಡಿದೆ. ಅಮ್ಮ ಬೈದರು. ಕಾಗದ ಸುಟ್ಟ ವಾಸನೆ ಬಂತು, ಹಗುರ ಬೂದಿಯಾಯಿತು. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಗುಂಡಾಗುತ್ತಿತ್ತು, ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ. ಹಾಗಾದರೆ ಹತ್ತಿಯೇ ಅಂತ ಖುಷಿಯಾದೆ. ಆಮೇಲೆ ಹೊಳೆಯಿತು, ರೇಯಾನ್ ಕೂಡ ಮರದ ತಿರುಳಿನಿಂದ ಮಾಡಿದ್ದು, ಅದೂ ಕಾಗದದ ಹಾಗೇ ಸುಡುತ್ತೆ. ಬೆಂಕಿಯಿಂದ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ. ಎರಡನೇ ಎಳೆಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಜಗ್ಗಿದೆ. ಪುಸಕ್ಕಂತ ತುಂಡಾಯಿತು. ಅಪ್ಪನ ಪಂಚೆಯ ಎಳೆಯನ್ನೂ ಒದ್ದೆ ಮಾಡಿ ಜಗ್ಗಿದೆ, ಬೆರಳು ಕೊಯ್ಯುವ ಹಾಗಿತ್ತು. ಹತ್ತಿ ಒದ್ದೆಯಾದರೆ ಗಟ್ಟಿ, ರೇಯಾನ್ ಒದ್ದೆಯಾದರೆ ದುರ್ಬಲ. ಅಲ್ಲಿಗೆ 'ಪ್ಯೂರ್ ಕಾಟನ್' ಬಣ್ಣ ಬಯಲು. ಮುಂದಿನ ವಾರ ಒಂಬತ್ತನೇ ಕ್ಲಾಸಿಗೆ ಇದನ್ನೇ ಪಾಠ ಮಾಡಿದೆ, ಮಕ್ಕಳು ಅವರವರ ಕರ್ಚೀಫ್‌ನಿಂದ ಎಳೆ ಕಿತ್ತು ತಂದರು.

ಆಷಾಢದ ಒಂದು ಶನಿವಾರ ರಜೆ ಹಾಕಿ ಅಮ್ಮ, ಚಿಕ್ಕಮ್ಮನ ಜೊತೆ ಚಿಕ್ಕಪೇಟೆಗೆ ಹೋದೆ. ಮೂರನೇ ಮಹಡಿ ಅಂಗಡಿಯಲ್ಲಿ ಎರಡು ಕಾಟನ್ ಸೀರೆ, ಒಂದು 680. ಎರಡಕ್ಕೆ 1360. ಅದರ ಎಳೆಯನ್ನೂ ನಾಲಿಗೆಗೆ ತಾಗಿಸಿದೆ, ಅಂಗಡಿಯವರು ಅಮ್ಮನ ಮುಖ ನೋಡಿದರು. ಪ್ರಿಯದರ್ಶಿನಿಯಲ್ಲಿ ಎರಡು ಕುರ್ತಾಗೆ ಐದು ಮೀಟರ್, 1200. ಕುರ್ತಾ ಹೊಲಿಗೆ ಜೇಬು ಸೇರಿ 800. ಬ್ಲೌಸ್ ಎರಡಕ್ಕೆ 1000, ಫಾಲ್, ಜಿಗ್‌ಜಾಗ್ 240. ಸೀರೆ 680, ಅದರ ಬ್ಲೌಸಿನ ಹೊಲಿಗೆಗೇ 500, ಇದಕ್ಕೆ ಯಾರ ಹತ್ತಿರವಾದರೂ ಉಪಾಯ ಇದೆಯಾ? ಮೆಟ್ರೋ, ಬಳೇಪೇಟೆಯ ಮಸಾಲೆ ದೋಸೆ, ಕಾಫಿ ಎಲ್ಲ ಸೇರಿ 460. ಒಟ್ಟು 5060.

ಉಳಿದ 940ರಲ್ಲಿ ಅಪ್ಪನಿಗೆ ಒಂದು ಬಿಳಿ ಪಂಚೆ ತಂದೆ.

ಎಕ್ಸ್‌ಎಲ್_ಅಲ್ಲ_ತ್ರಿಬಲ್_ಎಕ್ಸ್‌ಎಲ್

ಬ್ಲೌಸಿಗೆ ಉಪಾಯ ಹುಬ್ಬಳ್ಳಿ ಅಕ್ಕ ಆಗಲೇ ಹೇಳಿದರಲ್ಲ. ಖಣದ್ದು ಒಂದು, ಕಪ್ಪು ಕಾಟನ್ನಿನದು ಒಂದು. ಎಲ್ಲ ಸೀರೆಗೂ ಅವೆರಡೇ. ಕಾಟನ್ನಿನದಕ್ಕೆ ಲೈನಿಂಗ್ ಬೇಡ ಅನ್ನಿ, ಹೊಲಿಗೆ ದುಡ್ಡು ಇಳಿಯುತ್ತೆ.

ಪೀಣ್ಯ_ಲೈನ್_7

ಜೇಬು ಇಡಿಸಿದಿರಲ್ಲ, ಖುಷಿ ಆಯಿತು. ಜೇಬಿನ ಬಾಯಿಯ ಎರಡೂ ತುದಿಗೆ ಗಟ್ಟಿ ಹೊಲಿಗೆ ಇದೆಯಾ ನೋಡಿಕೊಳ್ಳಿ. ಫೋನ್ ಭಾರಕ್ಕೆ ಅಲ್ಲೇ ಮೊದಲು ಬಿಡೋದು.

ಹುಬ್ಬಳ್ಳಿ_ಅಕ್ಕ

ಎಲ್ಲಾ ಸರಿ, ಆ ನೀಲಿ ಕುರ್ತಾ ಏನು ಮಾಡಿದಿ?

ತುಮಕೂರು_ಟೀಚರ್

ಅಮ್ಮ ನೆಲ ಒರೆಸೋ ಬಟ್ಟೆ ಮಾಡಿಕೊಂಡರು ಅಕ್ಕ. ಬಕೆಟ್ಟಿನ ನೀರು ಇನ್ನೂ ನೀಲಿ ಆಗ್ತಾ ಇದೆ.